ಹಾಡಿನ ಕೊನೆಯಲ್ಲಿ ಯಾರ ಹೆಸರು?

ತಾನೇ ಬರೆದು, ತಾನೇ ರಾಗ ಕಟ್ಟಿ, ತಾನೇ ಹಾಡುವ ಕಲಾವಿದರ ಹೊಸ ಆಲ್ಬಂ ಒಂದು ಹೊರಬಂದಾಗ ಅದರ ಕುರಿತು ಒಂದು ಮಾತನ್ನು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಇದು ಅವರ ಅತ್ಯಂತ ವೈಯಕ್ತಿಕವಾದ ಆಲ್ಬಂ ಎಂಬುದೇ ಆ ಮಾತು. ತಾಯಿಯ ಸಾವು, ಮುರಿದುಬಿದ್ದ ಮದುವೆ, ಕುಡಿತದೊಡನೆ ನಡೆಸಿದ ಹೋರಾಟ, ತಂದೆಯ ಮೇಲಿನ ಆರದ ಸಿಟ್ಟು ಇವನ್ನೆಲ್ಲ ಹತ್ತು ಹಾಡುಗಳಲ್ಲಿ ತೆರೆದಿಟ್ಟಿದ್ದಾರೆ ಎಂದು ಅದರ ಅರ್ಥ. ಹೇಳುವವರು ಅದನ್ನು ಹೊಗಳಿಕೆಯಾಗಿಯೇ ಹೇಳುತ್ತಾರೆ. ಕೇಳುವ ನಾವೂ ಹೊಗಳಿಕೆಯೆಂದೇ ತಿಳಿಯುತ್ತೇವೆ.

ಆದರೆ ಕೊಂಚ ನಿಂತು ಯೋಚಿಸಿ. ಸ್ವಂತ ಬದುಕಿನಿಂದ ಬಂದದ್ದು ಎಂಬ ಒಂದೇ ಕಾರಣದಿಂದ ಹಾಡು ಹೆಚ್ಚಿನದಾಗುತ್ತದೆಯೇ? ತನ್ನ ನೋವನ್ನು ಹಾಡಿ ಹಣ ಪಡೆಯುವುದು ಸರಿಯೇ? ಆ ನೋವಿನಲ್ಲಿ ಪಾಲುಗೊಂಡ ಹೆಂಡತಿ, ಮಕ್ಕಳು, ಹೆತ್ತವರು ಹಾಡಲಾರರು. ಅವರ ಒಪ್ಪಿಗೆಯನ್ನು ಕೇಳಬೇಡವೇ? ಹಾಗೆಂದು ಬಾಯಿ ಮುಚ್ಚಿಕೊಂಡಿರುವುದೇ ದೊಡ್ಡ ಗುಣವೇ?

ಇದು ಕಲಾವಿದರ ಚಿಂತೆ, ನಮಗೇಕೆ ಎಂದು ನೀವು ಪುಟ ತಿರುಗಿಸಬಾರದು. ಇಂದು ಕೈಯಲ್ಲಿರುವ ಫೋನಿನಲ್ಲಿಯೇ ಹಾಡನ್ನು ಧ್ವನಿಮುದ್ರಿಸಿ ಲೋಕಕ್ಕೆಲ್ಲ ಕೇಳಿಸಬಹುದು. ನಿಮ್ಮ ಧರ್ಮಕೇಂದ್ರದ ಗಾನವೃಂದದಲ್ಲಿ ಗಿಟಾರ್ ಕಲಿತ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಅವಳು ತನ್ನ ಮನೆಯ ರಾತ್ರಿಗಳ ಮೇಲೆ ಒಂದು ಹಾಡು ಕಟ್ಟುತ್ತಾಳೆ. ಅಪ್ಪ ಕುಡಿದು ಬರುವ ಹೊತ್ತು, ಅವ್ವ ತಟ್ಟೆಗೆ ಅನ್ನ ಬಡಿಸಿ ಗೋಡೆ ನೋಡುತ್ತ ಕೂರುವುದು, ತಮ್ಮ ನಿದ್ದೆ ಬಂದವನಂತೆ ಮುಸುಕೆಳೆದುಕೊಳ್ಳುವುದು, ಎಲ್ಲವೂ ಅದರಲ್ಲಿ ಇವೆ. ಹಾಡು ಚೆನ್ನಾಗಿದೆ, ನಿಜವೂ ಆಗಿದೆ. ಅದನ್ನು ಅವಳು ಹಾಡಬಹುದೇ? ಆ ತಂದೆ ನೀವಾಗಿದ್ದರೆ? ಆ ತಾಯಿ ನೀವಾಗಿದ್ದರೆ? ಈ ಪ್ರಶ್ನೆಗೆ ಉತ್ತರ ಹುಡುಕುವುದು ಈ ಬರಹದ ಉದ್ದೇಶ.

ಮುಚ್ಚಿದ ಕೋಣೆ ಮತ್ತು ಬೀಸುವ ಕಲ್ಲು

ಮೊದಲು ಸ್ಟುಡಿಯೋ ಎಂಬುದನ್ನು ನೋಡೋಣ. ಹೊರಗಿನ ಸದ್ದು ಒಳಗೆ ಬಾರದಂತೆ, ಒಳಗಿನ ಸದ್ದು ಗೋಡೆಗೆ ಬಡಿದು ಮರಳದಂತೆ ಮೆತ್ತೆ ಹೊದಿಸಿದ ಕೋಣೆ ಅದು. ಗಾಯಕ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೈಕಿನೆದುರು ಬಹುಮಟ್ಟಿಗೆ ಒಬ್ಬನೇ ನಿಲ್ಲುತ್ತಾನೆ. ವಾದ್ಯಗಳನ್ನು ಬೇರೆ ಬೇರೆಯಾಗಿ ಧ್ವನಿಮುದ್ರಿಸಿ ಕೊನೆಗೆ ಒಂದರ ಮೇಲೊಂದು ಕೂಡಿಸಬಹುದು. ಒಂದೇ ಸಾಲನ್ನು ಹತ್ತು ಸಲ ಹಾಡಿ, ಅದರಲ್ಲಿ ಚೆನ್ನಾಗಿ ಬಂದುದನ್ನು ಆರಿಸಿಕೊಳ್ಳಬಹುದು. ಹಾಗಾದರೆ ಹತ್ತು ಸಲ ಹಾಡಿ ಆರಿಸಿಕೊಂಡ ದುಃಖ ನಿಜವಾದ ದುಃಖವೇ ಎಂದು ಕೆಲವರು ಕೇಳುತ್ತಾರೆ.

ಈ ಆಕ್ಷೇಪಣೆ ನಿಲ್ಲಲಾರದು. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಗೆ ಬಂದ ಹೆಂಗಸರು ಸತ್ತವರ ಗುಣಗಳನ್ನು ಒಂದೊಂದಾಗಿ ಎತ್ತಿ ಹೇಳುತ್ತ ರಾಗವಾಗಿ ಅಳುತ್ತಿದ್ದುದನ್ನು ಹಿರಿಯರು ಬಲ್ಲರು. ಅದಕ್ಕೊಂದು ಧಾಟಿಯಿತ್ತು, ಪದಗಳ ಕಟ್ಟು ಇತ್ತು. ಧಾಟಿಯಿದ್ದ ಮಾತ್ರಕ್ಕೆ ಆ ಅಳು ಸುಳ್ಳಾಗಲಿಲ್ಲ. ತಡೆಯಲಾರದ ನೋವಿಗೆ ಹಿಡಿದುಕೊಳ್ಳಲು ಒಂದು ಕಟ್ಟು ಬೇಕಾಗುತ್ತದೆ. ಧಾಟಿ ಅಂಥ ಆಸರೆ.

ಬೀಸುವ ಕಲ್ಲಿನ ಹಾಡುಗಳೂ ಹಾಗೆಯೇ. ನಸುಕಿನಲ್ಲಿ ಎದ್ದು ಜೋಳ ಬೀಸುತ್ತ ನಮ್ಮ ಅಜ್ಜಿಯಂದಿರು ಮೂರು ಮೂರು ಸಾಲಿನ ಪದಗಳಲ್ಲಿ ತವರಿನ ಹಂಬಲವನ್ನು, ಅತ್ತೆಯ ಕಾಟವನ್ನು, ಗಂಡನ ಉದಾಸೀನವನ್ನು, ಕೂಸಿಲ್ಲದ ಕೊರಗನ್ನು ಹಾಡಿಕೊಂಡರು. ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಇದಕ್ಕಿಂತ ವೈಯಕ್ತಿಕವಾದ ಹಾಡುಗಳು ಕನ್ನಡದಲ್ಲಿ ಅಪರೂಪ. ಆದರೆ ಆ ಪದಗಳಲ್ಲಿ ಕಟ್ಟಿದವಳ ಹೆಸರಿಲ್ಲ. ಅತ್ತೆಯ ಹೆಸರಿಲ್ಲ, ಊರಿನ ಗುರುತೂ ಇಲ್ಲ. ಕಲ್ಲಿನ ಸದ್ದು ಅವಳ ದನಿಯನ್ನು ಅರ್ಧ ಮುಚ್ಚುತ್ತಿತ್ತು. ಅಡಿಗೆಮನೆಯಾಚೆ ಮಲಗಿದವರಿಗೆ ಕೇಳಿಸಿದರೂ ಕೇಳಿಸದಂತೆ ಇರುತ್ತಿತ್ತು. ಹೆಸರಿಲ್ಲದಿರುವುದು ಅವಳಿಗೆ ರಕ್ಷಣೆಯಾಗಿತ್ತು. ಇನ್ನೊಬ್ಬಳು ಸೊಸೆ ಅದೇ ಪದವನ್ನು ತನ್ನ ಮನೆಯಲ್ಲಿ ಹಾಡಿಕೊಂಡಾಗ ಅದು ಅವಳ ಪದವೇ ಆಗುತ್ತಿತ್ತು.

ಹಾಡಿನಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. ಅದನ್ನು ಹಿಡಿದು ಹೊರಟರೆ ನಮ್ಮ ಪ್ರಶ್ನೆಯ ಉತ್ತರಕ್ಕೆ ದಾರಿ ಸಿಗುತ್ತದೆ.

ಅಗಡಿಯ ಸುತ್ತಲಿನ ಅಂಕಿತಗಳು

ಈ ದಾರಿಯಲ್ಲಿ ದೂರ ಹೋಗಬೇಕಾಗಿಲ್ಲ. ಹಾವೇರಿಗೆ ಸಮೀಪದ ಅಗಡಿ, 20ನೆಯ ಶತಮಾನದ ಆರಂಭದಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಡುತ್ತಿದ್ದ ಊರು. ಕಾದಂಬರಿಕಾರ ಗಳಗನಾಥರು ಅದರೊಡನೆ ದುಡಿದವರು. ಮನೆಮಂದಿಯೆಲ್ಲ ಕೂಡಿ ಓದಬಹುದಾದ ಮಾತು ಯಾವುದು ಎಂದು ಈ ಊರು ಅಂದೇ ಯೋಚಿಸಿತ್ತು. ಇಲ್ಲಿಂದ ಬ್ಯಾಡಗಿ ತಾಲೂಕಿಗೆ ಹೋದರೆ ಕನಕದಾಸರ ಕಾಗಿನೆಲೆ ಇದೆ. ರಾಣೇಬೆನ್ನೂರು ತಾಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಚೌಡಯ್ಯದಾನಪುರ ಇದೆ. ಉತ್ತರಕ್ಕೆ ಶಿಗ್ಗಾಂವಿ ತಾಲೂಕಿಗೆ ನಡೆದರೆ ಶಿಶುನಾಳ. ಮೂರೂ ಒಂದೇ ಜಿಲ್ಲೆಯಲ್ಲಿ ಇವೆ. ಮೂವರೂ ತಮ್ಮ ಮಾತನ್ನು ತಾವೇ ಕಟ್ಟಿದವರು.

ಹಾಡಿನ ಅಥವಾ ವಚನದ ಕೊನೆಯಲ್ಲಿ ಬರುವ ಹೆಸರಿಗೆ ಅಂಕಿತ ಎನ್ನುತ್ತೇವೆ. 16ನೆಯ ಶತಮಾನದ ಕನಕದಾಸರು ಕುಲದ ಹೆಸರಿನಲ್ಲಿ ಮನುಷ್ಯರು ಮನುಷ್ಯರಿಗೆ ಮಾಡುವ ಅವಮಾನವನ್ನು ಕಂಡವರು. ಅದನ್ನು ಅವರು ಹಾಡಿದರು. ಆದರೆ ಹಾಡಿನ ಕೊನೆಯಲ್ಲಿ ಬರುವುದು ಕಾಗಿನೆಲೆಯ ಆದಿಕೇಶವನ ಹೆಸರು. ನೋವು ತನ್ನದು, ಹಾಡು ತನ್ನದಲ್ಲ ಎಂದು ಅದರ ಇಂಗಿತ. ಹೀಗೆ ಬಿಟ್ಟುಕೊಟ್ಟದ್ದರಿಂದಲೇ ಅವರ ಪ್ರಶ್ನೆ ಅವರೊಬ್ಬರ ದೂರಾಗಿ ಉಳಿಯದೆ, ಅವಮಾನಪಟ್ಟ ಎಲ್ಲರ ಪ್ರಶ್ನೆಯಾಯಿತು.

12ನೆಯ ಶತಮಾನದ ಚೌಡಯ್ಯನದು ಬೇರೆ ರೀತಿ. ದೋಣಿ ನಡೆಸುವ ಕಾಯಕದ ಈತ ವಚನಕಾರರಲ್ಲಿಯೇ ಅತಿ ಖಾರವಾದ ನಾಲಿಗೆಯವನು. ಢಾಂಭಿಕರನ್ನು, ಉಣ್ಣಲಿಕ್ಕಾಗಿ ವೇಷ ಹಾಕಿದವರನ್ನು ಆತ ಸುಮ್ಮನೆ ಬಿಡಲಿಲ್ಲ. ಹೆಚ್ಚಿನ ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ, ಚೌಡಯ್ಯ ತನ್ನ ಹೆಸರನ್ನೇ ಇಟ್ಟನು. ಇದನ್ನು ಅಹಂಕಾರವೆಂದು ತಿಳಿಯಬೇಕಾಗಿಲ್ಲ. ಬೈದವನು ನಾನು, ಕೇಳುವವರು ನನ್ನನ್ನು ಕೇಳಿ ಎಂದು ಎದೆಗೊಟ್ಟು ನಿಂತಂತೆ ಅದು ಕಾಣುತ್ತದೆ. ಇನ್ನೊಬ್ಬರ ಮೇಲೆ ಆರೋಪ ಹೊರಿಸುವಾಗ ದೇವರ ಹೆಸರಿನ ಹಿಂದೆ ಅಡಗದಿರುವುದೂ ಒಂದು ಪ್ರಾಮಾಣಿಕತೆ.

ಹೀಗೆ ನಮ್ಮ ಮುಂದೆ ಮೂರು ಮಾದರಿಗಳಿವೆ. ದುರ್ಬಲಳಾದವಳು ಹೆಸರಿಲ್ಲದೆ ಹಾಡಿದಳು. ಆರೋಪಿಸುವವನು ತನ್ನ ಹೆಸರಿಟ್ಟು ಹಾಡಿದನು. ನೊಂದವರು ನೋವನ್ನು ಇನ್ನೊಬ್ಬನ ಹೆಸರಿಗೆ ಒಪ್ಪಿಸಿ ಹಾಡಿದರು. ಇಂದಿನ ಆಲ್ಬಂನ ಹೊದಿಕೆಯ ಮೇಲೆ ಗಾಯಕನ ಮುಖವೂ ಹೆಸರೂ ದೊಡ್ಡದಾಗಿ ಇರುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಅದು ಅವನ ದುಡಿಮೆ. ಆದರೆ ಒಳಗಿನ ಹಾಡನ್ನು ಅವನು ಬಿಟ್ಟುಕೊಟ್ಟಿದ್ದಾನೆಯೇ, ಇಲ್ಲವೇ ಬಿಗಿಯಾಗಿ ಹಿಡಿದುಕೊಂಡಿದ್ದಾನೆಯೇ? ಕೇಳಬೇಕಾದದ್ದು ಇದನ್ನೇ.

ಸೋರುವ ಮಾಳಿಗೆ ಯಾರದು?

ಬಿಟ್ಟುಕೊಡುವುದು ಎಂದರೇನು ಎಂಬುದಕ್ಕೆ ಶಿಶುನಾಳ ಶರೀಫರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಅವರು ಮುಸ್ಲಿಂ ಮನೆತನದವರು. ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿನ ಶಿಷ್ಯರು. ಅವರ ಬದುಕಿನಲ್ಲಿ ಬಡತನವಿತ್ತು; ಹೆಂಡತಿ ಬೇಗನೆ ತೀರಿಹೋದ ದುಃಖವಿತ್ತು; ಎರಡು ಮತಗಳ ನಡುವೆ ನಿಂತವನು ಎರಡೂ ಕಡೆಯಿಂದ ಕೇಳಬೇಕಾದ ಮಾತುಗಳಿದ್ದವು. ಇಂದಿನವರಾಗಿದ್ದರೆ ಇವೆಲ್ಲ ಒಂದು ವೈಯಕ್ತಿಕ ಆಲ್ಬಂಗೆ ಸಾಕಾಗುವಷ್ಟು ಸಾಮಗ್ರಿ.

ಅವರು ಹಾಡಿದ್ದು ಮನೆಯ ಸೋರುವ ಮಾಳಿಗೆಯನ್ನು, ಗುಡುಗುಡಿಯನ್ನು, ಕಣ್ಣಿಗೆ ಬಿದ್ದ ಮುದುಕಿಯನ್ನು, ಕೋಳಿಯನ್ನು, ಕೋಡಗವನ್ನು. ನಮ್ಮ ಸೀಮೆಯ ಮಣ್ಣಿನ ಮಾಳಿಗೆಯ ಮನೆಯನ್ನು ಬಲ್ಲವರಿಗೆ ಸೋರುವುದೆಂದರೇನೆಂದು ಗೊತ್ತು. ಮಳೆಗಾಲಕ್ಕೆ ಮೊದಲು ಮೇಲೆ ಮಣ್ಣು ಹಾಕಿ ಸರಿಪಡಿಸದಿದ್ದರೆ ರಾತ್ರಿಯಿಡೀ ಒಂದೊಂದು ಪಾತ್ರೆಯನ್ನು ಒಂದೊಂದು ಹನಿಯ ಕೆಳಗೆ ಇಡಬೇಕು. ಏರಿ ಹೋಗಿ ಮುಚ್ಚಲು ಕತ್ತಲೆ ಬಿಡದು. ಶರೀಫರ ಮನೆಯೂ ಸೋರಿದ್ದೀತು. ಆದರೆ ಆ ಪದ ಕೇಳಿದ ಯಾರೂ ಶರೀಫರ ಮಾಳಿಗೆ ಎಲ್ಲಿ ಬಿರುಕು ಬಿಟ್ಟಿತ್ತು ಎಂದು ವಿಚಾರಿಸುವುದಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಮಾಳಿಗೆಯನ್ನು ನೋಡಿಕೊಳ್ಳುತ್ತಾರೆ: ತಮ್ಮ ಮೈಯನ್ನು, ತಮ್ಮ ಮನಸ್ಸನ್ನು, ದುರಸ್ತಿ ಮಾಡದೆ ವರ್ಷಗಟ್ಟಲೆ ಬಿಟ್ಟ ತಮ್ಮ ಸಂಬಂಧಗಳನ್ನು. ಪದದ ಕೊನೆಗೆ ಬರುವುದು ಶಿಶುನಾಳಾಧೀಶನ ಹೆಸರು.

ಆ ಪದಗಳು ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಉಳಿದು ಬಂದವು. ಸಿ. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಅವರ ದನಿಗಳಲ್ಲಿ ಕ್ಯಾಸೆಟ್ಟಿಗೆ ಬಂದವು. 1990ರಲ್ಲಿ ಟಿ. ಎಸ್. ನಾಗಾಭರಣರು ‘ಸಂತ ಶಿಶುನಾಳ ಶರೀಫ’ ಚಲನಚಿತ್ರ ತೆಗೆದರು. 2008ರಲ್ಲಿ, ತಾನೇ ಬರೆದು ಹಾಡುವ ಹೊಸ ಪೀಳಿಗೆಯ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂ ಹೊರತಂದಾಗ, ಸ್ವಂತದ ಪ್ರೇಮದ ಹಾಡಿನ ಜೊತೆಗೆ ಶರೀಫರ ಎರಡು ಪದಗಳನ್ನೂ ಇಟ್ಟರು. ತನ್ನ ಅಂತರಂಗವನ್ನು ತೋಡಿಕೊಳ್ಳಲು ಹೊರಟ ಯುವಕನಿಗೆ ಶತಮಾನದ ಹಿಂದೆ ತೀರಿಹೋದವನ ಮಾತು ತನ್ನ ಮಾತಿನಷ್ಟೇ ಸ್ವಂತದ್ದೆನಿಸಿತು. ಬಿಟ್ಟುಕೊಟ್ಟ ಹಾಡಿಗೆ ಇಂಥ ಆಯುಸ್ಸು ಇರುತ್ತದೆ.

ಆದ್ದರಿಂದ ಮೊದಲನೆಯ ಒರೆಗಲ್ಲು ಇದು. ಹಾಡು ಮುಗಿದ ಮೇಲೆ ಕೇಳಿದವನು ಯಾರ ಮನೆಯ ಕಡೆ ನೋಡುತ್ತಾನೆ? ಗಾಯಕನ ಕಿಟಕಿಯಲ್ಲಿ ಇಣುಕಿ ಇದು ಯಾರನ್ನು ಕುರಿತದ್ದು ಎಂದು ಕೇಳುತ್ತಾನೋ, ಇಲ್ಲವೇ ತನ್ನ ಮನೆಯ ಮಾಳಿಗೆಯತ್ತ ತಲೆಯೆತ್ತಿ ನೋಡುತ್ತಾನೋ? ಮೊದಲನೆಯದು ನೋವಿನ ಪ್ರದರ್ಶನ, ಎರಡನೆಯದು ನೋವಿನ ದಾನ.

ನೋಡಿದವಳ ಪಾಲು

ಆದರೆ ಎಲ್ಲ ನೋವಿಗೂ ಮಾಳಿಗೆಯ ರೂಪಕವನ್ನು ಹೊದಿಸಲಾಗುವುದಿಲ್ಲ. ಕೆಲವು ನೋವುಗಳಲ್ಲಿ ಇನ್ನೊಬ್ಬರ ಮುಖ ಕಂಡೇ ಕಾಣುತ್ತದೆ. ದ. ರಾ. ಬೇಂದ್ರೆಯವರ ಬದುಕಿನಲ್ಲಿ ಹಾಗಾಯಿತು. 1896ರಲ್ಲಿ ಧಾರವಾಡದಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡ ಈ ಕವಿ ಹಲವು ಮಕ್ಕಳನ್ನು ಕಳೆದುಕೊಂಡ ತಂದೆ. ಕೂಸು ಸತ್ತ ಹೊತ್ತಿನಲ್ಲಿ ಹೆಂಡತಿ ತನ್ನತ್ತ ನೋಡಿದ ನೋಟವನ್ನು ತಾಳಲಾರದ ಗಂಡನ ಮಾತಿನಲ್ಲಿ ಅವರೊಂದು ಹಾಡು ಬರೆದರು. ಧಾರವಾಡದ ಮನೆಮಾತಿನಲ್ಲಿರುವ ಆ ಹಾಡನ್ನು ಕನ್ನಡಿಗರು ಇಂದಿಗೂ ಗಂಟಲು ಕಟ್ಟದೆ ಕೇಳಲಾರರು. 1937ರಲ್ಲಿ ಬಂದ ‘ಸಖೀಗೀತ’ದಲ್ಲಿ ಅವರು ತಮ್ಮ ದಾಂಪತ್ಯದ ಸುಖದುಃಖಗಳನ್ನೇ ಕಾವ್ಯವಾಗಿಸಿದರು.

ಇಲ್ಲಿ ಕಠಿಣವಾದ ಪ್ರಶ್ನೆ ಏಳುತ್ತದೆ. ಕೂಸು ಇಬ್ಬರದೂ, ನೋವು ಇಬ್ಬರದೂ, ಹಾಡು ಒಬ್ಬರದು. ತಾಯಿಯ ನೋಟ ಹಾಡಿನಲ್ಲಿದೆ, ಆಕೆಯ ಮಾತು ಇಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯು ಬರೆದವರ ಮರಣದ ನಂತರವೂ 60 ವರ್ಷ ಪದಗಳನ್ನು ಕಾಯುತ್ತದೆ. ಆ ಲೆಕ್ಕದಲ್ಲಿ ಬೇಂದ್ರೆಯವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಪದಗಳಿಗೆ 2041ರ ಕೊನೆಯವರೆಗೆ ರಕ್ಷಣೆಯುಂಟು. 2012ರ ತಿದ್ದುಪಡಿ ಗೀತರಚನಕಾರರ ರಾಯಧನದ ಹಕ್ಕನ್ನು ಬಲಪಡಿಸಿತು. ಇವೆಲ್ಲ ನ್ಯಾಯವಾದದ್ದೇ. ಆದರೆ ಪದಗಳಿಗೆ ಒಡೆಯನುಂಟು. ಪದಗಳಿಗೆ ಕಾರಣವಾದ ಕಣ್ಣೀರಿಗೆ ಒಡೆಯರು ಯಾರು? ಕಾಯ್ದೆಯಲ್ಲಿ ಇದಕ್ಕೆ ಕಲಮು ಇಲ್ಲ. ಇದು ಮನಸ್ಸಾಕ್ಷಿಯ ಪಾಲಿಗೆ ಬಿಟ್ಟದ್ದು.

ಬೇಂದ್ರೆಯವರ ಹಾಡು ಈ ಮನಸ್ಸಾಕ್ಷಿಯ ಪರೀಕ್ಷೆಯಲ್ಲಿ ಹೇಗೆ ಗೆದ್ದಿತು ಎಂಬುದನ್ನು ಗಮನಿಸಿ. ಅವರು ಬಯಲಿಗಿಟ್ಟದ್ದು ಹೆಂಡತಿಯ ಗುಟ್ಟನ್ನಲ್ಲ, ತಮ್ಮ ಸೋಲನ್ನು. ಆಕೆಯನ್ನು ಸಮಾಧಾನಪಡಿಸಿದ ಧೀರನಾಗಿ ಅವರು ಅಲ್ಲಿ ನಿಂತಿಲ್ಲ. ಆಕೆಯ ಕಣ್ಣೆದುರು ಕುಸಿದ ಮನುಷ್ಯನಾಗಿ ನಿಂತಿದ್ದಾರೆ. ಆಕೆ ಹಾಡಿನಲ್ಲಿ ಕುಗ್ಗಿಲ್ಲ. ಆಕೆಯ ಮೌನವೇ ಎಲ್ಲರಿಗಿಂತ ದೊಡ್ಡದಾಗಿದೆ. ಅವರ ಕಾವ್ಯನಾಮವನ್ನೂ ನೆನೆಯಿರಿ. ಅಂಬಿಕಾತನಯದತ್ತ ಎಂದರೆ ಅಂಬಿಕೆಯ ಮಗ ದತ್ತ. ತನ್ನ ಹೆಸರಿಗಿಂತ ಮುಂದೆ ತಾಯಿಯ ಹೆಸರು. ಹಾಡುವವನು ತಾನಲ್ಲ, ತನ್ನೊಳಗಿನ ಇನ್ನೊಬ್ಬ ಎಂಬ ಭಾವನೆ ಅದರಲ್ಲಿತ್ತು.

ಎರಡನೆಯ ಒರೆಗಲ್ಲು ಇಲ್ಲಿ ದೊರೆಯುತ್ತದೆ. ಹಾಡಿನಲ್ಲಿ ಇನ್ನೊಬ್ಬರು ಬರುವುದು ಅನಿವಾರ್ಯವಾದರೆ, ಬಯಲಾಗುವುದು ಯಾರ ದೌರ್ಬಲ್ಯ? ಹಾಡುವವನದೋ, ಮಾತಾಡಲಾರದವರದೋ?

ಹಾಡಿನಲ್ಲಿ ಇಲ್ಲದ ಹೆಸರು

ನಮ್ಮ ಪ್ರಾರ್ಥನೆಗಳಲ್ಲಿ ನಿತ್ಯವೂ ಬಳಕೆಯಲ್ಲಿರುವ ಕೀರ್ತನೆಗಳ ಗ್ರಂಥದಲ್ಲಿಯೂ ಒಬ್ಬೊಬ್ಬರ ಸ್ವಂತ ಸಂಕಟದಿಂದ ಬಂದ ಹಾಡುಗಳು ಹಲವು ಇವೆ. 88ನೆಯ ಕೀರ್ತನೆಯಂತೂ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅದನ್ನು ತೆಗೆದುಹಾಕಬೇಕೆಂದು ನಮ್ಮ ಪೂರ್ವಿಕರಿಗೆ ಅನಿಸಲಿಲ್ಲ. ಬೆಳಕು ಕಾಣದವನಿಗೂ ಹಾಡಲು ಒಂದು ಹಾಡು ಬೇಕೆಂದು ಅವರು ಬಲ್ಲವರಾಗಿದ್ದರು.

51ನೆಯ ಕೀರ್ತನೆ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಬತ್ಷೆಬಳ ವಿಷಯದಲ್ಲಿ ಪಾಪ ಮಾಡಿದ ದಾವೀದನ ಬಳಿಗೆ ಪ್ರವಾದಿ ನಾತಾನನು ಬಂದಾಗ ಹಾಡಿದ್ದು ಎಂದು ಅದರ ತಲೆಬರಹ ಹೇಳುತ್ತದೆ. ಪಶ್ಚಾತ್ತಾಪಕ್ಕೆ ಅದಕ್ಕಿಂತ ಆಳವಾದ ಮಾತು ಸಿಗುವುದು ಕಷ್ಟ. ಆದರೂ ಒಂದು ಸಂಗತಿಯನ್ನು ನೋಡಿ. ದಾವೀದನು ಯುದ್ಧದ ಮುಂಚೂಣಿಗೆ ಕಳುಹಿಸಿ ಕೊಲ್ಲಿಸಿದ ಊರೀಯನ ಹೆಸರು ಆ ಹಾಡಿನಲ್ಲಿ ಎಲ್ಲಿಯೂ ಇಲ್ಲ. ಹಾಡಿದವನ ಒಡೆದ ಹೃದಯ ನಮಗೆ ಕಾಣುತ್ತದೆ, ಸತ್ತವನು ಕಾಣುವುದಿಲ್ಲ.

ಹಾಗೆಂದು ಪವಿತ್ರಗ್ರಂಥ ಊರೀಯನನ್ನು ಮರೆಯಲಿಲ್ಲ. ಸಮುವೇಲನ ಎರಡನೆಯ ಗ್ರಂಥ ನಡೆದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದಿಟ್ಟಿತು. ಶತಮಾನಗಳ ನಂತರ ಮತ್ತಾಯನು ಶುಭಸಂದೇಶದ ಮೊದಲ ಅಧ್ಯಾಯದ ವಂಶಾವಳಿಯಲ್ಲಿ ಬತ್ಷೆಬಳ ಹೆಸರನ್ನು ಹೇಳದೆ, ಊರೀಯನ ಹೆಂಡತಿಯಾಗಿದ್ದವಳು ಎಂದೇ ಬರೆದನು. ಹಾಡು ಬಿಟ್ಟ ಹೆಸರನ್ನು ಸಮುದಾಯದ ನೆನಪು ಕಾಯ್ದುಕೊಂಡಿತು. ನಾವು ಹಾಡನ್ನೂ ಇಟ್ಟುಕೊಂಡೆವು, ಚರಿತ್ರೆಯನ್ನೂ ಇಟ್ಟುಕೊಂಡೆವು. ಎಷ್ಟೇ ಸುಂದರವಾದ ಆತ್ಮನಿವೇದನೆಯೂ ಆ ಕಥೆಯ ಒಂದು ಪಾಲು ಮಾತ್ರ ಎಂಬ ಎಚ್ಚರ ಇದರಲ್ಲಿ ಇದೆ. ತನ್ನ ತಪ್ಪುಗಳ ಕುರಿತು ಕಣ್ಣೀರಿನಿಂದ ಹಾಡುವ ಗಾಯಕನನ್ನು ಮೆಚ್ಚುವಾಗ, ಆ ತಪ್ಪಿನಿಂದ ನೊಂದವರು ಎಲ್ಲಿಯೋ ಇದ್ದಾರೆ, ಅವರಿಗೆ ಮೈಕು ಇಲ್ಲ ಎಂಬುದನ್ನು ನಾವು ಮರೆಯಬಾರದು.

ಮಗಳ ಹಾಡು

ಈಗ ನಮ್ಮ ಗಿಟಾರಿನ ಹುಡುಗಿಯ ಪ್ರಶ್ನೆಗೆ ಬರೋಣ. ಮನೆಯ ಮಾತು ಹೊಸ್ತಿಲು ದಾಟಬಾರದು ಎಂದು ಹಿರಿಯರು ಹೇಳುತ್ತಾರೆ. ಅದರಲ್ಲಿ ಒಂದು ವಿವೇಕವುಂಟು. ಎಲ್ಲ ಮನೆಗಳಲ್ಲಿಯೂ ಮುರುಕು ಪಾತ್ರೆಗಳಿರುತ್ತವೆ. ಎಲ್ಲವನ್ನೂ ಅಂಗಳಕ್ಕೆ ತಂದಿಟ್ಟರೆ ಯಾರ ಮನೆಯೂ ಉಳಿಯದು. ಆದರೆ ಅದೇ ಮಾತು ಎಷ್ಟೋ ಸಲ ಬಲಿಷ್ಠರ ಬಾಗಿಲಿಗೆ ಹಾಕಿದ ಅಗಳಿಯಾಗಿದೆ. ಹೊಡೆಸಿಕೊಂಡವಳು ಸುಮ್ಮನಿರಬೇಕು, ಹೊಡೆದವನ ಮಾನ ಉಳಿಯಬೇಕು ಎಂಬುದಕ್ಕೆ ಅದು ನೆಪವಾಗಿದೆ. ಆದ್ದರಿಂದ ಒಪ್ಪಿಗೆಯಿಲ್ಲದೆ ಹಾಡಲೇಬಾರದು ಎಂದು ನಿಯಮ ಮಾಡಿದರೆ, ನೊಂದವಳು ನೋಯಿಸಿದವನ ಅಪ್ಪಣೆಗೆ ಕಾಯಬೇಕಾಗುತ್ತದೆ. ಅದು ನ್ಯಾಯವಲ್ಲ.

ಆದ್ದರಿಂದ ಮಗಳಿಗೆ ಹೀಗೆ ಹೇಳಬಹುದು. ತಂಗೀ, ನಿನ್ನ ನೋವು ನಿನ್ನದು, ಅದನ್ನು ಹಾಡುವ ಅಧಿಕಾರ ನಿನಗುಂಟು. ಆದರೆ ನಿನ್ನ ಹಾಡು ಯಾವ ಬಗೆಯದೆಂದು ನೀನೇ ತೀರ್ಮಾನಿಸು. ಅದು ಕೇವಲ ನಿನ್ನ ಅಳುವಾಗಿದ್ದರೆ, ಬೀಸುವ ಕಲ್ಲಿನ ಮುಂದೆ ಕುಳಿತವಳಂತೆ ಗುರುತುಗಳನ್ನು ತೆಗೆದುಬಿಡು. ನಿನ್ನಂಥ ಇನ್ನೊಬ್ಬಳು ಅದನ್ನು ತನ್ನದಾಗಿ ಮಾಡಿಕೊಳ್ಳಲಿ. ಅದು ಆರೋಪವಾಗಿದ್ದರೆ, ಚೌಡಯ್ಯನಂತೆ ನೇರವಾಗಿ ನಿಂತು ಹೇಳು. ಹಾಡಿಗಿಂತ ಮೊದಲು ಆ ಮಾತನ್ನು ಅಪ್ಪನ ಮುಖಕ್ಕೆ ಹೇಳಲಾದೀತೇ ನೋಡು. ಅಂಜಿಕೆಯಿದ್ದರೆ ನಂಬಿಕೆಯ ಹಿರಿಯರೊಬ್ಬರ ಮುಂದೆ ಹೇಳು. ಯಾಕೆಂದರೆ ಮನೆಯಲ್ಲಿ ಪೆಟ್ಟು ಬೀಳುತ್ತಿದ್ದರೆ ಅದಕ್ಕೆ ಬೇಕಾದದ್ದು ಹಾಡಲ್ಲ, ನೆರವು. ಅವ್ವ ಮತ್ತು ತಮ್ಮನ ವಿಷಯದಲ್ಲಿ ಮಾತ್ರ ಅವರನ್ನು ಕೇಳಿಯೇ ಮುಂದುವರಿ. ಅವರು ನಿನ್ನನ್ನು ನೋಯಿಸಿದವರಲ್ಲ, ನಿನ್ನ ಜೊತೆ ನೊಂದವರು. ಗೋಡೆ ನೋಡುತ್ತ ಕುಳಿತ ತಾಯಿಯನ್ನು ಊರೆಲ್ಲ ನೋಡುವಂತೆ ಮಾಡುವ ಮೊದಲು, ಆ ತಾಯಿಗೆ ಅದು ಬೇಕೇ ಎಂದು ತಿಳಿಯುವುದು ಮಗಳ ಧರ್ಮ.

ಇನ್ನೊಂದು ಮಾತು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಗಿಡದಿಂದ ಕಿತ್ತ ಕೂಡಲೇ ಹಸಿಯಾಗಿ ಚೀಲಕ್ಕೆ ತುಂಬಿದರೆ ಅದು ಕೊಳೆಯುತ್ತದೆಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಣದಲ್ಲಿ ಹರವಿ ಬಿಸಿಲಿಗೆ ಬಿಟ್ಟ ಮೇಲೆಯೇ ಅದು ಪೇಟೆಗೆ ಹೋಗುತ್ತದೆ. ಸಿಟ್ಟಿನಲ್ಲಿ ಕಟ್ಟಿದ ಹಾಡನ್ನು ಅದೇ ರಾತ್ರಿ ಲೋಕಕ್ಕೆ ಬಿಡುವ ಬದಲು ಕೆಲವು ದಿನ ಹರವಿಡುವುದು ಒಳ್ಳೆಯದು. ಖಾರ ಇಳಿದ ಮೇಲೂ ಬಣ್ಣ ಉಳಿದರೆ ಅದು ಹಾಡು.

ತಂದೆಗೆ ಹೇಳಬೇಕಾದದ್ದು ಇನ್ನೂ ಚಿಕ್ಕದು. ಹಾಡು ಕಿವಿಗೆ ಬಿದ್ದಾಗ ಜನ ಏನಂದಾರು ಎಂಬ ಪ್ರಶ್ನೆ ಮೊದಲು ನಾಲಿಗೆಗೆ ಬರುತ್ತದೆ. ಅದನ್ನು ನುಂಗಿಕೊಳ್ಳಿ. ಇದು ನಿಜವೇ ಎಂಬ ಪ್ರಶ್ನೆಯನ್ನು ನಿಮ್ಮಷ್ಟಕ್ಕೆ ನೀವು ಕೇಳಿಕೊಳ್ಳಿ. ನಿಜವಾಗಿದ್ದರೆ, ನಾತಾನನು ದಾವೀದನ ಬಳಿಗೆ ಬಂದಂತೆ ನಿಮ್ಮ ಮನೆಗೆ ಬಂದವಳು ನಿಮ್ಮ ಮಗಳೇ.

ಕೇಳುವವರ ಕರ್ತವ್ಯ

ಉಳಿದದ್ದು ಕೇಳುವ ನಮ್ಮ ಪಾಲು. ಇಂಗ್ಲೆಂಡಿನ ಗಾಯಕ ಎರಿಕ್ ಕ್ಲಾಪ್ಟನ್ ಅವರ 4 ವರ್ಷದ ಮಗ ಕಾನರ್ 1991ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಬಹುಮಹಡಿ ಕಟ್ಟಡವೊಂದರ ಕಿಟಕಿಯಿಂದ ಬಿದ್ದು ಸತ್ತನು. ಪರಲೋಕದಲ್ಲಿ ಮಗನನ್ನು ಕಾಣುವುದನ್ನು ಕುರಿತು ಆ ತಂದೆ ವಿಲ್ ಜೆನ್ನಿಂಗ್ಸ್ ಎಂಬ ಗೀತರಚನಕಾರನ ಜೊತೆ ಕೂಡಿ ಬರೆದ ಹಾಡು ಲೋಕದ ಎಲ್ಲೆಡೆ ಹಬ್ಬಿತು. 1993ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿಗಳು ಬಂದವು. 2004ರಲ್ಲಿ ಅವರು ಅದನ್ನು ಹಾಡುವುದನ್ನು ನಿಲ್ಲಿಸಿದರು. ಆ ಅಗಲಿಕೆಯ ಭಾವನೆ ಹಿಂದಿನಂತೆ ತಮ್ಮಲ್ಲಿ ಉಳಿದಿಲ್ಲ, ಅದಿಲ್ಲದೆ ಆ ಹಾಡನ್ನು ಹಾಡಲಾಗದು ಎಂದು ಅವರಿಗೆ ಅನಿಸಿತ್ತು. ಹಲವು ವರ್ಷಗಳ ಮೇಲೆ ಮತ್ತೆ ಹಾಡಿದರು.

ಆ ವರ್ಷಗಳಲ್ಲಿ ಹಾಡು ಸತ್ತಿತ್ತೇ? ಇಲ್ಲ. ಮಕ್ಕಳನ್ನು ಕಳೆದುಕೊಂಡ ಎಷ್ಟೋ ಮಂದಿ ತಂದೆತಾಯಿಗಳು ಅದನ್ನು ಕೇಳುತ್ತಲೇ ಇದ್ದರು. ಹಾಡಿದವನಿಗೆ ಅದರ ಅಗತ್ಯ ತೀರಿದ ಹೊತ್ತಿನಲ್ಲಿಯೂ ಅದು ಅವರ ಮಡಿಲಲ್ಲಿ ಇತ್ತು. ನಿಲ್ಲಿಸಿದ್ದೂ ಒಂದು ಬಗೆಯ ಗೌರವವೇ. ಇಲ್ಲದ ದುಃಖವನ್ನು ಇದ್ದಂತೆ ತೋರಿಸಿ ಟಿಕೆಟಿನ ಹಣಕ್ಕೆ ಮಾರಲು ಆ ತಂದೆ ಒಪ್ಪಲಿಲ್ಲ. ನೋವಿನಿಂದ ಹಾಡು ಹುಟ್ಟಿದಾಗ ಕೂಲಿ ಪಡೆಯುವುದು ತಪ್ಪಲ್ಲ, ಹಾಡಿಗಾಗಿ ನೋವನ್ನು ಹುಟ್ಟಿಸಿಕೊಳ್ಳುವುದು ತಪ್ಪು. ಹಾಡಿ ಹಣ ಪಡೆಯುವುದು ಸರಿಯೇ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಾಗಿಲ್ಲ.

ಪ್ರಿಯ ಓದುಗರೇ, ನಿಮ್ಮ ಮಕ್ಕಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಯಾರದೋ ದುಃಖದ ಹಾಡನ್ನು ಮತ್ತೆ ಮತ್ತೆ ಕೇಳುತ್ತಿದ್ದರೆ ಅದನ್ನು ಹಗುರವಾಗಿ ಕಾಣಬೇಡಿ. ಆ ಗಾಯಕನ ಮನೆಯಲ್ಲಿ ಏನಾಯಿತು ಎಂಬ ಕುತೂಹಲ ನಮಗೆ ಬೇಡ. ಆ ಹಾಡಿನಲ್ಲಿ ನಿನಗೆ ಯಾವ ಸಾಲು ಹಿಡಿಸಿತು ಎಂದು ಒಂದು ಸಂಜೆ ಕೇಳಿ ನೋಡಿ. ಅವರು ಹೇಳುವ ಸಾಲಿನಲ್ಲಿ ನಿಮ್ಮ ಮನೆಯ ಮಾಳಿಗೆ ಎಲ್ಲಿ ಸೋರುತ್ತಿದೆ ಎಂಬುದು ತಿಳಿದೀತು. ಮಳೆಗಾಲಕ್ಕೆ ಮೊದಲು ತಿಳಿದರೆ ಒಳ್ಳೆಯದು.